ಚೆನ್ನಬಸಪ್ಪನ ಜೊತೆ ಮೊಳಕಾಲ್ಮೂರಿಗೆ

ರೈಲು ನಮ್ಮಿಬ್ಬರನ್ನು ಹೊಳಲ್ಕೆರೆ ಸ್ಟೇಷನ್ನಿನಲ್ಲಿ ಇಳಿಸಿ ಉತ್ತರಕ್ಕೆ ಹೊರಟುಹೋಯಿತು. ಕಾರ್ತಿಕ ಮಾಸದ ಬೆಳಗು. ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ. ಸ್ಟೇಷನ್ನಿನ ಹೊರಗೆ ನಿಂತಿದ್ದ ಜಟಕಾದ ಕುದುರೆ ಎದೆಯವರೆಗೆ ಮಾತ್ರ ಕಾಣುತ್ತಿತ್ತು. ಕಾಲುಗಳಿಲ್ಲದೆ ಗಾಳಿಯಲ್ಲಿ ನಿಂತ ಹಾಗಿತ್ತು. ಅದನ್ನು ನನಗೆ ತೋರಿಸಿದವನು ಚೆನ್ನಬಸಪ್ಪ. ಎರಡು ಬೆರಳನ್ನು ಕಾಲಿನಂತೆ ಇಳಿಬಿಟ್ಟು, ಇನ್ನೊಂದು ಕೈಯಿಂದ ಅವನ್ನು ಮೆಲ್ಲಗೆ ಒರೆಸಿಹಾಕಿದ. ಕುದುರೆಯ ಕಾಲು ಮಾಯವಾಯಿತು ಎಂದು ಹೇಳಲು ಅವನಿಗೆ ಅಷ್ಟೇ ಸಾಕಾಯಿತು.

ಚೆನ್ನಬಸಪ್ಪ ಹುಟ್ಟು ಕಿವುಡ. ವಯಸ್ಸು ಮೂವತ್ತರ ಆಸುಪಾಸು. ನಮ್ಮ ಸೀಮೆಯ ದಕ್ಷಿಣದಲ್ಲಿ ಒಬ್ಬ ಮೇಷ್ಟರು ಕಿವುಡ ಮೂಗ ಮಕ್ಕಳಿಗಾಗಿ ಒಂದು ಶಾಲೆ ನಡೆಸುತ್ತಿದ್ದರು. ಊರಿನ ಹೆಸರು ಇಲ್ಲಿ ಬೇಡ. ಅವನು ಅಲ್ಲಿಯೇ ಓದಿ, ಅಲ್ಲಿಯೇ ಮರಗೆಲಸ ಕಲಿಸುತ್ತಿದ್ದ. ನನ್ನ ತುಟಿ ನೋಡಿ ಅರ್ಧ ಮಾತು ತಿಳಿದುಕೊಳ್ಳುತ್ತಿದ್ದ. ಉಳಿದರ್ಧಕ್ಕೆ ಅವನ ಜೇಬಿನಲ್ಲಿ ಒಂದು ಪುಟ್ಟ ಸ್ಲೇಟು ಇತ್ತು. ನಾನು ವಿದ್ಯಾ ಇಲಾಖೆಯವನು. ಇಂಥ ಮಕ್ಕಳನ್ನು ಓದಿಸಲು ಸರ್ಕಾರ ಕೊಡುವ ವಿದ್ಯಾರ್ಥಿವೇತನ ಸರಿಯಾಗಿ ಸಲ್ಲುತ್ತಿದೆಯೇ, ಮಕ್ಕಳು ಶಾಲೆಯಲ್ಲಿ ನಿಂತು ಕಲಿಯುತ್ತಿದ್ದಾರೆಯೇ ಎಂದು ನೋಡುವ ಕೆಲಸ ಹೊಸದಾಗಿ ನನ್ನ ಪಾಲಿಗೆ ಬಂದಿತ್ತು. ಮೊಳಕಾಲ್ಮೂರಿನ ನೇಕಾರರ ಮನೆಯ ಅಂಜಿನಮ್ಮ ಎಂಬ ಹುಡುಗಿ ಬೇಸಿಗೆಯ ರಜಕ್ಕೆ ಊರಿಗೆ ಹೋದವಳು ಮರಳಿರಲಿಲ್ಲ. ಅವಳನ್ನು ಕರೆತರಬೇಕು, ಬಾರದಿದ್ದರೆ ಅವಳ ಜಾಗವನ್ನು ಬೇರೆ ಮಗುವಿಗೆ ಕೊಡಬೇಕು. ಒಮ್ಮೆ ಹೋದ ಜಾಗ ಮತ್ತೆ ಸಿಗುವ ಹಾಗಿರಲಿಲ್ಲ. ಮಾತಿಗೆ ನೆರವಾಗಲೆಂದು ಶಾಲೆಯವರೇ ಚೆನ್ನಬಸಪ್ಪನನ್ನು ನನ್ನ ಜೊತೆ ಮಾಡಿ ಕಳಿಸಿದ್ದರು.

ದುರ್ಗದವರೆಗೆ ಜಟಕಾ, ಅಲ್ಲಿಂದ ಚಳ್ಳಕೆರೆಗೆ ಎತ್ತಿನ ಗಾಡಿ. ಗಾಡಿಯ ಹುಸೇನ್ ಸಾಬಿ ಒಳ್ಳೆಯ ಮಾತುಗಾರ. ಮೊದಲ ಮೈಲಿಯೊಳಗೆ ತನ್ನ ಎತ್ತುಗಳ ವಂಶಾವಳಿಯನ್ನೆಲ್ಲ ಚೆನ್ನಬಸಪ್ಪನಿಗೆ ಹೇಳಿ ಮುಗಿಸಿದ. ಉತ್ತರ ಬರದಿದ್ದಾಗ ತಿರುಗಿ ನೋಡಿದ. ನಾನು ವಿಷಯ ಹೇಳಿದೆ.

"ಯಾ ಅಲ್ಲಾ, ಇಷ್ಟೊತ್ತು ಎಷ್ಟು ಚೆಂದ ಕೇಳ್ತಾ ಕೂತಿದ್ರು ಸಾಹೇಬ್!" ಎಂದ. ಆಮೇಲೂ ಅವನು ಮಾತು ನಿಲ್ಲಿಸಲಿಲ್ಲ. ಚೆನ್ನಬಸಪ್ಪನೂ ತಲೆದೂಗುವುದನ್ನು ಬಿಡಲಿಲ್ಲ.

ಚಳ್ಳಕೆರೆಯ ಮುಸಾಫರಖಾನೆಗೆ ಮಾರನೆಯ ಬೆಳಿಗ್ಗೆ ಅಮಲ್ದಾರರೇ ಬಂದರು. ನಾವು ಬರುವ ಸುದ್ದಿ ಅವರಿಗೆ ಮೊದಲೇ ತಲುಪಿತ್ತು. "ಬನ್ನಿ, ನಿಮ್ಮ ಜನ ಎಲ್ಲ ಬಂದು ಕೂತಿದಾರೆ. ನಿನ್ನೆ ಡಂಗುರ ಹೊಡೆಸಿದ್ದೆ," ಎಂದರು ಉತ್ಸಾಹದಿಂದ. ಕಿವುಡರಿಗೆ ಡಂಗುರ ಹೊಡೆಸಿದ್ದನ್ನು ಅವರು ಹೇಳಿದ ರೀತಿಯಲ್ಲಿ ಎಳ್ಳಷ್ಟೂ ತಮಾಷೆ ಇರಲಿಲ್ಲ. ಹೊರಗೆ ಬೇವಿನ ಮರದ ನೆರಳಲ್ಲಿ ಹದಿನೈದಿಪ್ಪತ್ತು ಜನ ಕೂತಿದ್ದರು. ಡಂಗುರ ಕೇಳಿದ ಮಕ್ಕಳು, ಸೊಸೆಯಂದಿರು, ನೆರೆಯವರು ಅವರನ್ನು ಕೈಹಿಡಿದು ಕರೆತಂದಿದ್ದರು. ಸರ್ಕಾರದಿಂದ ಕಿವಿಯ ಡಾಕ್ಟರು ಬರುತ್ತಾರೆ ಎಂದು ಊರ ತುಂಬ ಸುದ್ದಿಯಾಗಿತ್ತು.

ಒಬ್ಬ ಮುದುಕಿ ನನ್ನ ಮುಂದೆ ಕೂತು ಸೆರಗು ಸರಿಸಿ ಕಿವಿ ತೋರಿಸಿದಳು. "ಎಡಗಿವಿ ಪೂರಾ ಹೋಗೈತೆ ಸಾಮಿ. ಬಲಗಿವ್ಯಾಗೆ ಬರೀ ಗಾಳಿ ಬೀಸಿದಂಗೆ ಆಗತೈತೆ. ಒಂದು ತೊಟ್ಟು ಔಷ್ದ ಹಾಕ್ರಿ."

"ಅವ್ವಾ, ನಾನು ಡಾಕ್ಟರಲ್ಲ."

"ಏನಂದ್ರಿ?"

ನಾನು ಕೂಗಿ ಹೇಳಿದೆ. ಶಾಲೆಗೆ ಹೋಗುವ ಮಕ್ಕಳನ್ನು ನೋಡುವವನು ನಾನು ಎಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಯಾವ ಸಿಟ್ಟೂ ಇಲ್ಲದೆ, "ಮತ್ತೆ ನಮ್ಮನ್ಯಾಕೆ ಕರೆಸಿದ್ರಿ?" ಎಂದು ಕೇಳಿದಳು. ಬಂದವರಿಗೆಲ್ಲ ಅಮಲ್ದಾರರು ಮಂಡಕ್ಕಿ ಬೆಲ್ಲ ಕೊಡಿಸಿದರು. ಅವರು ಅದನ್ನು ಉಡಿಗೆ ಕಟ್ಟಿಕೊಂಡು ಒಬ್ಬೊಬ್ಬರಾಗಿ ಎದ್ದು ಹೋದರು.

ಹೋಗದೆ ಉಳಿದವನು ಈರಜ್ಜ ಎಂಬ ಮುದುಕನೊಬ್ಬನೇ. ಹೆಗಲ ಮೇಲೆ ಕರಿ ಕಂಬಳಿ ಹೊದ್ದ ಕುರಿಗಾಹಿ, ಹುಟ್ಟಿನಿಂದಲೇ ಕಿವುಡ. ಕಂಬಳಿ ಸಂತೆಗೆ ಬಂದಿದ್ದ ಅವನ ತಮ್ಮನ ಮಗ ಅವನನ್ನು ಕರೆತಂದಿದ್ದ. ನಾನು ಒಳಗೆ ಅಮಲ್ದಾರರ ಜೊತೆ ಮಾತಾಡಿ ಬರುವಷ್ಟರಲ್ಲಿ ಚೆನ್ನಬಸಪ್ಪ ಅವನ ಎದುರು ಮಂಡಿಯೂರಿ ಕೂತಿದ್ದ. ಇಬ್ಬರ ಕೈಗಳೂ ಆಡುತ್ತಿದ್ದವು. ಚೆನ್ನಬಸಪ್ಪನದು ಶಾಲೆಯ ಮಕ್ಕಳಲ್ಲಿ ಬೆಳೆದ ಕೈಮಾತು. ಮುದುಕನದು ಅವನೊಬ್ಬನೇ ಕುರಿಯ ಹಿಂದೆ ಅಲೆಯುತ್ತ ಕಟ್ಟಿಕೊಂಡದ್ದು. ಮೊದಮೊದಲು ಎರಡೂ ಕೂಡುತ್ತಿರಲಿಲ್ಲ. ತೋಳ ಎಂದು ಮುದುಕ ಹಲ್ಲು ತೋರಿಸಿದರೆ ಇವನು ನಗು ಎಂದುಕೊಂಡು ತಾನೂ ನಕ್ಕ. ಮಧ್ಯಾಹ್ನದ ಹೊತ್ತಿಗೆ ತೊಡಕು ಹೋಗಿ, ಇಬ್ಬರ ಕೈಗಳೂ ಒಂದೇ ನೀರಿನಲ್ಲಿ ಈಜುವ ಮೀನುಗಳಂತೆ ಆಡತೊಡಗಿದವು. ಬೇವಿನ ನೆರಳು ಜರುಗಿದಂತೆ ಅವರೂ ಕೂತಲ್ಲೇ ಜರುಗುತ್ತ ಹೋದರು.

"ನಮ್ಮ ದೊಡ್ಡಪ್ಪ ಇಷ್ಟು ಕೈಯಾಡ್ಸಿದ್ದು ನಾ ಕಂಡೇ ಇಲ್ರಿ," ಎಂದ ತಮ್ಮನ ಮಗ. "ಮನ್ಯಾಗೆ ಉಣ್ಣು, ಮಲಕ್ಕ, ಕುರಿ ಹೊಡಕಂಡು ಹೋಗು, ಇಷ್ಟೇ ನಮಗೂ ಅವ್ನಿಗೂ ಮಾತು."

ಸಂಜೆ ನಾನು ಕೇಳಿದಾಗ ಚೆನ್ನಬಸಪ್ಪ ಸ್ಲೇಟಿನ ಮೇಲೆ ಬರೆದ: "ಹೆಂಡತಿ ಸತ್ತದ್ದನ್ನು ಹೇಳಿದ. ಮಳೆಯಲ್ಲಿ, ಅಡವಿಯಲ್ಲಿ. ಯಾರಿಗೂ ಪೂರ್ತಿ ಹೇಳಿರಲಿಲ್ಲವಂತೆ." ಅಷ್ಟು ಬರೆದು ಅಂಗೈಯಿಂದ ಸ್ಲೇಟು ಒರೆಸಿ ಜೇಬಿಗೆ ಹಾಕಿಕೊಂಡ.

ಮರುದಿನ ನಾವು ತಳಕಿನ ದಾರಿ ಹಿಡಿದಾಗ ಈರಜ್ಜ ಗಾಡಿಯ ಪಕ್ಕದಲ್ಲೇ ನಡೆದು ಬಂದ. ಎಡಗಡೆಗೆ ಸರ್ಕಾರಿ ದನಗಳಿಗೆಂದು ಬಿಟ್ಟ ಉಳ್ಳಾರ್ತಿ ಕಾವಲಿನ ಹುಲ್ಲು ಹೊಂಬಣ್ಣಕ್ಕೆ ತಿರುಗಿ, ಕಣ್ಣು ಸೋಲುವವರೆಗೂ ಹಬ್ಬಿತ್ತು. ಗಾಳಿ ಬಂದಾಗ ಇಡೀ ಬಯಲು ಒಮ್ಮೆ ಮಗ್ಗುಲು ಬದಲಿಸುತ್ತಿತ್ತು. ಅಮೃತಮಹಲಿನ ದನಗಳು ಬಲು ದೂರದಲ್ಲಿ, ಬಿಸಿಲ ಝಳದಲ್ಲಿ ನೆಲ ಬಿಟ್ಟು ಒಂದು ಮೊಳ ಮೇಲೆ ಮೇಯುತ್ತಿರುವಂತೆ ಕಂಡವು. ಹುಲ್ಲೆಯೊಂದು ಹಾರಿತು, ಅದು ಇಳಿದದ್ದು ನನಗೆ ಕಾಣಲಿಲ್ಲ. ಹುಸೇನ್ ಸಾಬಿಯೂ ಅಂದು ಸುಮ್ಮನಾಗಿದ್ದ. ಎತ್ತಿನ ಗಂಟೆಯೂ ನಿದ್ದೆಯಲ್ಲಿ ಕೇಳಿದಂತೆ ಎಲ್ಲೋ ದೂರದಲ್ಲಿತ್ತು. ಹೀಗೇ ಸಾಗಿದರೆ ಯಾವ ಊರೂ ಬರಲಾರದು, ಬರದಿದ್ದರೂ ಚಿಂತೆಯಿಲ್ಲ ಎನಿಸಿತು.

"ಈ ಬುಡ್ಡಾ ವಾಪಸ್ ಹೋಗೋ ಹಂಗೆ ಕಾಣಲ್ಲ ಸಾಹೇಬ್," ಎಂದ ಹುಸೇನ್ ಸಾಬಿ ಕೊನೆಗೆ.

ಆದರೆ ಒಂದು ಕಡೆ ಈರಜ್ಜ ತಾನಾಗಿಯೇ ನಿಂತ. ಚೆನ್ನಬಸಪ್ಪ ಗಾಡಿಯಿಂದ ಇಳಿದ. ಮುದುಕ ಅವನ ಎರಡು ಕೈಗಳನ್ನೂ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಹುಲ್ಲಿನೊಳಗೆ ನಡೆದ. ಸೊಂಟ ಮುಳುಗಿತು, ಕಂಬಳಿ ಮುಳುಗಿತು. ಅವನಿಗೆ ಕೊಡಲು ಸರ್ಕಾರದ ಬಳಿ ಏನೂ ಇರಲಿಲ್ಲ. ಶಾಲೆಯ ವಯಸ್ಸು ದಾಟಿದವರನ್ನು ಕುರಿತು ನನಗೆ ಯಾರೂ ಏನೂ ಹೇಳಿ ಕಳಿಸಿರಲಿಲ್ಲ.

ತಳಕಿನ ಛತ್ರದಲ್ಲಿ ರಾತ್ರಿ ಕಳೆದೆವು. ನವಣೆ ಅನ್ನ, ಹುರುಳಿ ಸಾರು, ಗಟ್ಟಿ ಮಜ್ಜಿಗೆ ಸಿಕ್ಕಿತು. ಹಾನಗಲ್ಲು ದಾಟಿದ ಮೇಲೆ ನೆಲ ಬಂಡೆಗಳನ್ನು ಹಡೆಯತೊಡಗಿತು. ಒಂದರ ಮೇಲೊಂದು ಕೂತ ಗುಂಡುಗಳು, ಸಂದಿಯಲ್ಲಿ ಸೀತಾಫಲದ ಗಿಡಗಳು. ಕಾಯಿಯ ಕಾಲ ಮುಗಿಯುತ್ತ ಬಂದಿತ್ತು. ಆದರೂ ಒಬ್ಬಳು ಮಂಕರಿಯ ತಳದಲ್ಲಿದ್ದ ಹಣ್ಣುಗಳನ್ನು ನಮಗೆ ಮಾರಿದಳು. ಅವನ್ನು ತಿನ್ನುತ್ತ, ಬೀಜ ಉಗುಳುತ್ತ, ಇಳಿಹೊತ್ತಿಗೆ ಮೊಳಕಾಲ್ಮೂರು ಸೇರಿದೆವು.

ನೇಕಾರರ ಬೀದಿ ಕಾಣುವ ಮೊದಲೇ ಕೇಳಿಸಿತು. ಮನೆಮನೆಯಲ್ಲೂ ಮಗ್ಗದ ಸದ್ದು. ಲಾಳಿ ಓಡುವುದು, ಹಲಗೆ ಬಡಿಯುವುದು. ಬೀದಿಯೇ ಒಂದು ದೊಡ್ಡ ಎದೆಯಾಗಿ ಬಡಿದುಕೊಳ್ಳುತ್ತಿತ್ತು. ಅಂಜಿನಮ್ಮನ ತಂದೆ ನಾರಾಯಣಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ. ಮಗ್ಗದ ಮೇಲೆ ನವಿಲು ಬಣ್ಣದ ರೇಷ್ಮೆ ಸೀರೆ. ಅಂಚಿನ ಬಣ್ಣ ಬೇರೆಯಾದ್ದರಿಂದ ಅದಕ್ಕೆ ಬೇರೆ ಲಾಳಿ, ಬೇರೆ ಕೈ ಬೇಕು. ಆ ಕೈ ಅಂಜಿನಮ್ಮನದು. ಹದಿಮೂರು ಹದಿನಾಲ್ಕರ ಹುಡುಗಿ ತಂದೆಯ ಪಕ್ಕದಲ್ಲಿ ಕೂತು, ಅವನ ಭುಜದ ಅಲುಗಾಟ ನೋಡಿ ಲಾಳಿ ತೂರುತ್ತಿದ್ದಳು.

ನಾನು ಬಾಗಿಲಲ್ಲೇ ನಿಂತೆ. ಅಡಿಗೆಯ ಕೋಣೆಯಿಂದ ತಾಯಿ ಲಕ್ಷ್ಮಕ್ಕ ಬಂದು, ಮಗ್ಗದ ಸದ್ದಿನ ನಡುವೆ ಬಾಯಿ ತೆರೆಯದೆ, ಬೆರಳಿನಲ್ಲಿ ಏನೋ ಹೇಳಿದಳು. ನಾರಾಯಣಪ್ಪ ಬೆರಳಿನಲ್ಲೇ ಉತ್ತರಿಸಿದ. ಎದುರು ಮನೆಯ ಜಗಲಿಯಿಂದ ನೂಲು ಸುತ್ತುತ್ತಿದ್ದ ಹೆಂಗಸು ಕೈಯೆತ್ತಿ, ಬಂದವರು ಯಾರೆಂದು ಕೇಳಿದಳು. ಆ ಬೀದಿಯಲ್ಲಿ ಮಗ್ಗ ನಡೆಯುವಷ್ಟು ಹೊತ್ತು ಯಾರ ಬಾಯಿಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಹಗಲಿಡೀ ಅಂಜಿನಮ್ಮನಿಗೂ ಉಳಿದವರಿಗೂ ಅಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ಅಂಜಿನಮ್ಮ ತಲೆಯೆತ್ತಿ ಚೆನ್ನಬಸಪ್ಪನನ್ನು ಕಂಡಳು. ಲಾಳಿ ಕೈಬಿಟ್ಟು ಎದ್ದು ಓಡಿಬಂದಳು. ಅವರಿಬ್ಬರೂ ಏನು ಮಾತಾಡಿದರೋ, ಅಷ್ಟು ಬೇಗ ಆಡುವ ಕೈಗಳನ್ನು ಹಿಂಬಾಲಿಸುವುದು ನನ್ನಿಂದಾಗಲಿಲ್ಲ. ನಾರಾಯಣಪ್ಪ ಮಾತ್ರ ಕುಣಿಯಿಂದ ನಿಧಾನವಾಗಿ ಎದ್ದ. ನನಗೆ ಚಾಪೆ ಹಾಸಿ, ನೀರು ಕೊಟ್ಟು, ಬಂದ ಕೆಲಸ ಕೇಳುವ ಮೊದಲೇ ಹೇಳಿದ:

"ಸಾಲೆಗೆ ಕಳ್ಸಲ್ಲ ಸ್ವಾಮಿ."

"ಯಾಕಪ್ಪ?"

"ಮಗ್ಗಕ್ಕೆ ಇನ್ನೊಂದು ಕೈ ಬೇಕಾಗೈತೆ."

ಅಲ್ಲಿಗೆ ಮಾತು ಮುಗಿಯಿತೆಂದೇ ಅಂದುಕೊಂಡೆ. ಕೂಲಿ ಉಳಿಸಲು ಮಗಳನ್ನು ಮನೆಯಲ್ಲಿ ಕೂರಿಸಿದ್ದಾರೆ, ಹಾಗೆಂದೇ ವರದಿ ಮಾಡಬೇಕು ಎಂದು ಮನಸ್ಸಿನಲ್ಲಿ ವಾಕ್ಯವನ್ನೂ ಜೋಡಿಸಿದ್ದೆ. ಆಗ ಲಕ್ಷ್ಮಕ್ಕ ಗಂಡನ ಕಡೆ ತಿರುಗಿ ತೆಲುಗಿನಲ್ಲಿ, "ನಿಜಂ ಚೆಪ್ಪು," ಎಂದಳು. ನಿಜ ಹೇಳು ಎಂದು. ಅವನು ತಲೆತಗ್ಗಿಸಿದ. ಅವಳೇ ನನ್ನೆದುರು ಬಂದು ನಿಂತಳು.

"ಸ್ವಾಮೇರೇ, ಅಲ್ಲಿ ಇವ್ಳಿಗೆ ಬಾಯಿಮಾತು ಕಲಿಸ್ತಾರಂತೆ. ಕಲಿಸ್ಲಿ. ಆದ್ರೆ ಕೈ ಆಡಿಸಿದ್ರೆ ಬಾಯಿ ಬರಲ್ಲ ಅಂತೇಳಿ ಕೈ ಆಡಿಸಾಕೇ ಬಿಡಲ್ವಂತೆ. ಹೆಂಗೆ ಕೂರ್ತಾಳೆ ಅಂತ ನೀವೇ ನೋಡ್ರಿ."

ಅವಳು ಮಗಳಿಗೆ ಸನ್ನೆ ಮಾಡಿದಳು. ಅಂಜಿನಮ್ಮ ನನ್ನೆದುರಿಗೆ ನೆಲದ ಮೇಲೆ ಕೂತಳು. ಬೆನ್ನು ನೆಟ್ಟಗೆ ಮಾಡಿ, ಎರಡು ಕೈಗಳನ್ನೂ ತೊಡೆಯ ಕೆಳಗೆ ತೂರಿಸಿ ಅವುಗಳ ಮೇಲೆ ಭಾರ ಬಿಟ್ಟಳು. ಬಾಯಿ ತೆರೆದು, "ಪ... ಪ... ಪ..." ಎಂದಳು. ಅದು ಅವಳ ದನಿಯಲ್ಲ, ಯಾರೋ ಅವಳೊಳಗಿಂದ ಎಳೆದು ತೆಗೆದದ್ದು. ಮುಖದ ಬೆಳಕೆಲ್ಲ ಆರಿತ್ತು.

ನಾನು ಚೆನ್ನಬಸಪ್ಪನನ್ನು ನೋಡಿದೆ. ಅವನು ಯಾರೂ ಕೇಳದೆಯೇ ಮುಂದೆ ಬಂದು, ಹುಡುಗಿಯ ಪಕ್ಕದಲ್ಲಿ ಕೂತು, ತನ್ನ ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿದ. ಮರ ಕೆತ್ತಿ ಒರಟಾದ ದೊಡ್ಡ ಕೈಗಳು. ಎಷ್ಟೋ ಹೊತ್ತು ಹಾಗೇ ಕೂತಿದ್ದ. ಆಮೇಲೆ ಒಂದು ಕೈ ಬಿಡಿಸಿಕೊಂಡು ಸ್ಲೇಟಿನ ಮೇಲೆ ಒಂದೇ ಪದ ಬರೆದ: "ನಾನೂ."

ನಾರಾಯಣಪ್ಪ ಮಗ್ಗದ ಹಿಂದಿನ ಗೋಡೆ ತೋರಿಸಿದ. "ಇದನ್ನೂ ನೋಡ್ರಿ. ಇದಕ್ಕೇ ನನಗೆ ಸಂಕಟ." ಗೋಡೆಯ ತುಂಬ ಇದ್ದಿಲಿನ ಅಕ್ಷರಗಳಿದ್ದವು. ಅವ್ವ, ಅಪ್ಪ, ಲಾಳಿ, ನೀರು, ಬೆಕ್ಕು. ಅಂಜಿನಮ್ಮ ಬಲ್ಲ ಪದಗಳೆಲ್ಲ ಅಲ್ಲಿದ್ದವು. ಅವು ಮುಗಿದ ಕಡೆಯಿಂದ ಚಿತ್ರಗಳು ಶುರುವಾಗುತ್ತಿದ್ದವು. ಗಿಳಿ, ಬೆಟ್ಟ, ಮಳೆ, ಅಳುವ ಹೆಂಗಸು, ಬಾಗಿಲಲ್ಲಿ ನಿಂತ ಯಾರೋ ಒಬ್ಬರು. ಅವಕ್ಕೆ ಪದಗಳು ಅವಳಿಗೆ ಗೊತ್ತಿರಲಿಲ್ಲ. ಪ್ರತಿ ಚಿತ್ರದ ಪಕ್ಕದಲ್ಲೂ ಅಕ್ಷರಕ್ಕಾಗಿ ಜಾಗ ಬಿಟ್ಟಿದ್ದಳು.

"ದಿನಾ ಎದ್ದು ಅಲ್ಲೇ ನಿಂತ್ಕಂತಾಳೆ," ಎಂದ ನಾರಾಯಣಪ್ಪ. "ಕಳ್ಸಿದ್ರೆ ಕೈ ಹೋಗ್ತೈತೆ, ಕಳ್ಸದಿದ್ರೆ ಇದು ಹೋಗ್ತೈತೆ. ನಾನೇನು ಮಾಡ್ಲಿ?"

ಒಂದು ದಿನ ಬಿಟ್ಟು ಹೇಳುತ್ತೇನೆ ಎಂದೆ. ಮರುದಿನ ಸಿದ್ದಾಪುರದ ಹತ್ತಿರದ ಬ್ರಹ್ಮಗಿರಿಗೆ ಹೋಗಿಬರೋಣವೆಂದು ಹೊರಟೆ. ಅಲ್ಲಿನ ಹಳೆಯ ಬರಹದ ಬಂಡೆಯನ್ನು ನೋಡದೆ ಬರಬೇಡಿ ಎಂದು ಅಮಲ್ದಾರರು ಹೇಳಿದ್ದರು. ಅಂಜಿನಮ್ಮ ತಾನೂ ಬರುವೆನೆಂದಳು. ಲಕ್ಷ್ಮಕ್ಕ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಜೊತೆಗೆ ಬಂದಳು. ಎರಡು ಹರದಾರಿ ಚಿಲ್ಲರೆ ಗಾಡಿ ದಾರಿ. ಬೆಟ್ಟದ ಮೇಲೆ ಮೋಡದ ನೆರಳುಗಳು ಅವಸರವಿಲ್ಲದೆ ಏರಿ ಇಳಿಯುತ್ತಿದ್ದವು. ಹೊಲಗಳ ನಡುವೆ ನೀರಿನ ಸಣ್ಣ ಹೊಳಪು. ಗಾಡಿಯಲ್ಲಿ ಮಾತೇ ಇರಲಿಲ್ಲ. ಮೂರು ಜನರ ಕೈಗಳು ಮಾತ್ರ ಬಿಸಿಲಿನಲ್ಲಿ ಹೂ ಅರಳಿದಂತೆ ಅರಳಿ ಮುಚ್ಚುತ್ತಿದ್ದವು. ನಾನು ಹುಸೇನ್ ಸಾಬಿಯ ಪಕ್ಕದಲ್ಲಿ ಕೂತು, ಪರದೇಶದ ಗಾಡಿಯಲ್ಲಿ ಹೋಗುತ್ತಿರುವವನಂತೆ ಅವರನ್ನೇ ನೋಡುತ್ತಿದ್ದೆ.

ಅಲ್ಲಿನವರು ಆ ಬಂಡೆಯನ್ನು ಅಕ್ಷರಗುಂಡು ಎನ್ನುತ್ತಾರೆ. ಓದಲು ನಮಗೆ ಬಾರದ ಲಿಪಿ. ಅಂಜಿನಮ್ಮ ಬೆರಳನ್ನು ಅಕ್ಷರದ ಗೀರಿನಲ್ಲಿಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದಳು. ಬಂಡೆ ಬೆಚ್ಚಗಿತ್ತು.

"ಏನು ಬರ್ದೈತೆ ಅಂತ ಕೇಳ್ತಾಳೆ," ಎಂದಳು ಲಕ್ಷ್ಮಕ್ಕ.

ಹಿಂದೆ ಒಬ್ಬ ದೊಡ್ಡ ರಾಜ ಬರೆಸಿದ್ದು, ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇಡಬೇಕು, ಸತ್ಯ ನುಡಿಯಬೇಕು ಎಂದಿದೆಯಂತೆ, ಬಲ್ಲವರು ಓದಿ ಹೇಳಿದ್ದಾರೆ ಎಂದೆ. ಚೆನ್ನಬಸಪ್ಪ ನನ್ನ ತುಟಿ ನೋಡಿ ಅದನ್ನು ಕೈಗೆ ತಿರುಗಿಸಿದ. ಸತ್ಯ ಎನ್ನುವಾಗ ಎದೆಯಿಂದ ಒಂದು ನೇರ ಗೆರೆಯಂತೆ ಕೈಯನ್ನು ಮುಂದಕ್ಕೆ ಚಾಚಿದ. ಅಂಜಿನಮ್ಮ ಬಂಡೆಯನ್ನು ನೋಡಿದಳು, ನನ್ನನ್ನು ನೋಡಿದಳು. ಏನನ್ನೋ ಕೇಳಿದಳು.

ಲಕ್ಷ್ಮಕ್ಕ ಸಂಕೋಚದಿಂದ ನಕ್ಕಳು. "ಹೇಳಿದ ರಾಜ ಆಮೇಲೆ ಬಂದು ನೋಡಿದ್ನಾ ಅಂತ ಕೇಳ್ತಾಳೆ ಸ್ವಾಮಿ. ಜನ ಅವ್ನು ಹೇಳ್ದಂಗೆ ನಡ್ಕಂಡ್ರಾ ಇಲ್ವಾ ಅಂತ."

"ಗೊತ್ತಿಲ್ಲಮ್ಮ. ಅದನ್ನು ಎಲ್ಲೂ ಬರೆದಿಲ್ಲ."

ಹುಡುಗಿ ಮತ್ತೆ ಕೈಯಾಡಿಸಿದಳು. ಈ ಬಾರಿ ಲಕ್ಷ್ಮಕ್ಕ ನಗಲಿಲ್ಲ. "ನೀವು ಬಂದು ನೋಡ್ತೀರಾ ಅಂತಾಳೆ. ನೀವು ಬಂದು ನೋಡೋದಾದ್ರೆ ಹೋಗ್ತೀನಿ ಅಂತಾಳೆ."

ಗಾಳಿ ಬಂಡೆಯ ಮೇಲಿನ ಒಣ ಎಲೆಗಳನ್ನು ಸರಿಸಿತು. ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಇಲ್ಲದ ಅಧಿಕಾರವನ್ನು ಹೇಳಿಕೊಳ್ಳಲಿಲ್ಲ. "ಶಾಲೆ ನನ್ನದಲ್ಲ. ಮೇಷ್ಟರು ಕೆಟ್ಟವರಲ್ಲ; ಕೈ ನಿಂತರೆ ಮಾತು ಬರುತ್ತದೆಂದು ನಿಜವಾಗಿ ನಂಬಿದವರು. ಆದರೆ ಸರ್ಕಾರ ಕೊಟ್ಟದ್ದು ಹೇಗೆ ನಡೆಯುತ್ತಿದೆ ಎಂದು ನೋಡುವ ಹಕ್ಕು ನನಗಿದೆ. ಹೇಳದೆ ಬರುತ್ತೇನೆ. ನಿನ್ನ ಕೈ ಹೀಗೆ ತೊಡೆಯಡಿ ಇರುವುದು ಕಂಡರೆ ನಾನೇ ನಿನ್ನನ್ನು ನಿನ್ನ ಮನೆಗೆ ತಂದು ಬಿಡುತ್ತೇನೆ," ಎಂದೆ. ನಿಧಾನವಾಗಿ, ತುಟಿ ಬಿಡಿಸಿ ಹೇಳಿದೆ. ಚೆನ್ನಬಸಪ್ಪ ಒಂದು ಮಾತನ್ನೂ ಬಿಡದೆ ಅವಳಿಗೆ ದಾಟಿಸಿದ. ಆಮೇಲೆ ಸ್ಲೇಟು ತೆಗೆದು ನನಗೆ ಬರೆದು ತೋರಿಸಿದ: "ವರದಿಯಲ್ಲಿ ನನ್ನ ಹೆಸರೂ ಹಾಕಿ. ನಾನು ಹೇಳಿದೆ ಎಂದು ಬರೆಯಿರಿ." ಅವನ ಅನ್ನ ಆ ಶಾಲೆಯಲ್ಲಿತ್ತು. ಯೋಚಿಸಿ ನೋಡು ಎಂದೆ. ಅವನು ಸ್ಲೇಟನ್ನು ಒರೆಸಲಿಲ್ಲ.

ಮುಂದೆ ಆದದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ವರದಿಯಲ್ಲಿ ನನ್ನ ಹೆಸರಿನ ಜೊತೆ ಚೆನ್ನಬಸಪ್ಪನ ಹೆಸರೂ ಹೋಯಿತು. ಮೇಷ್ಟರು ನೊಂದುಕೊಂಡರು, ಒಂದಷ್ಟು ಕಾಲ ನನ್ನೊಡನೆ ಮಾತು ಬಿಟ್ಟರು, ಚೆನ್ನಬಸಪ್ಪನನ್ನು ಮಾತ್ರ ಕೆಲಸದಿಂದ ತೆಗೆಯಲಿಲ್ಲ. ಬೆಳಗಿನ ತರಗತಿಯಲ್ಲಿ ಬಾಯಿಮಾತು ಉಳಿಯಿತು, ಕೈ ಕಟ್ಟಿ ಕೂರುವುದು ಹೋಯಿತು. ಮಧ್ಯಾಹ್ನದ ಬರವಣಿಗೆಯ ತರಗತಿಯನ್ನು ಚೆನ್ನಬಸಪ್ಪ ಕೈಮಾತಿನಲ್ಲೇ ನಡೆಸಬಹುದೆಂದು ಇಲಾಖೆ ಒಪ್ಪಿತು. ನಾನು ಆ ಕೆಲಸದಲ್ಲಿ ಇರುವವರೆಗೂ ಹೇಳದೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅಂಜಿನಮ್ಮನೇ ನನ್ನನ್ನು ಮೊದಲು ಕಾಣುತ್ತಿದ್ದಳು. ಎರಡು ಅಂಗೈಗಳನ್ನೂ ಎತ್ತಿ ತೋರಿಸಿ ಮತ್ತೆ ಬರೆಯತೊಡಗುತ್ತಿದ್ದಳು. ಓದು ಮುಗಿಸಿ ಊರಿಗೆ ಹೋದ ಮೇಲೆ, ಸುತ್ತಲ ಹಳ್ಳಿಗಳ ಕಿವುಡ ಮಕ್ಕಳು ಒಬ್ಬೊಬ್ಬರಾಗಿ ಅವಳ ಮಗ್ಗದ ಬಳಿ ಬಂದು ಕೂರುತ್ತಾರೆಂದು ಕೇಳಿದೆ.

ನಾರಾಯಣಪ್ಪ ಒಪ್ಪಿದ ಮೇಲೆ, ಅಂಜಿನಮ್ಮನನ್ನು ಕರೆದುಕೊಂಡು ಹಿಂದಿರುಗುವಾಗ ನಾವು ದುರ್ಗದ ಕಡೆ ಹೋಗದೆ, ನಮ್ಮ ಸೀಮೆಯ ಗಡಿ ದಾಟಿ ರಾಯದುರ್ಗದಲ್ಲಿ ರೈಲು ಹಿಡಿದೆವು. ಬಳ್ಳಾರಿ, ಗುಂತಕಲ್ಲು ಸುತ್ತಿಕೊಂಡು ಹೋಗುವ ದಾರಿ. ನಾರಾಯಣಪ್ಪ, ಲಕ್ಷ್ಮಕ್ಕ ಇಬ್ಬರೂ ಸ್ಟೇಷನ್ನಿಗೆ ಬಂದಿದ್ದರು. ಹುಸೇನ್ ಸಾಬಿ ಅಂಜಿನಮ್ಮನ ಪೆಟ್ಟಿಗೆಯನ್ನು ತಾನೇ ಹೊತ್ತು ತಂದು ಬೆಂಚಿನಡಿ ಇಟ್ಟ. ನಾರಾಯಣಪ್ಪ ನನಗೆ ಕೈಮುಗಿದು ಕಂಬಕ್ಕೆ ಒರಗಿ ನಿಂತ.

ರೈಲು ಕೂಗಿ ಕದಲಿತು. ಎಲ್ಲ ಕಿಟಕಿಗಳಿಂದಲೂ ಜನ ಹೊರಬಾಗಿ ಕೂಗುತ್ತಿದ್ದರು. ಔಷಧ ಮರೀಬೇಡ, ಹೋದ ತಕ್ಷಣ ಕಾಗದ ಬರಿ, ನೀರು ನೋಡಿ ಕುಡಿ. ಚಕ್ರದ ಸದ್ದು ಏರಿದಂತೆ ಮಾತುಗಳು ಹರಿದುಹೋದವು. ಒಬ್ಬೊಬ್ಬರಾಗಿ ಬಾಯಿ ಮುಚ್ಚಿ ಒಳಗೆ ಕೂತರು. ಅಂಜಿನಮ್ಮ ಮಾತ್ರ ಕಿಟಕಿಯಲ್ಲೇ ಇದ್ದಳು. ಪ್ಲಾಟ್‌ಫಾರ್ಮಿನ ಕೊನೆಗೆ ಓಡಿಬಂದ ಲಕ್ಷ್ಮಕ್ಕನ ಕೈಗಳು ಆಡುತ್ತಿದ್ದವು. ಇವಳ ಕೈಗಳೂ ಉತ್ತರಿಸುತ್ತಿದ್ದವು. ಸ್ಟೇಷನ್ನು ಸಣ್ಣದಾಯಿತು, ಹಿಂದಿನ ಬೆಟ್ಟ ಅದಕ್ಕಿಂತ ದೊಡ್ಡದಾಯಿತು. ಲಕ್ಷ್ಮಕ್ಕನ ಮುಖ ಕಾಣದಾದ ಮೇಲೂ ಬೆಳಕಿನಲ್ಲಿ ಎರಡು ಚುಕ್ಕೆಗಳು ಏರಿಳಿಯುತ್ತಿದ್ದವು. ಏನು ಹೇಳುತ್ತಿದ್ದಾಳೆ ಎಂದು ಚೆನ್ನಬಸಪ್ಪನನ್ನು ಕೇಳಿದೆ. ಅವನು ಸ್ಲೇಟಿಗೆ ಕೈಹಾಕಲಿಲ್ಲ. ತಿರುವು ಬರುವವರೆಗೂ ತಾಯಿ ಮಗಳು ಮಾತಾಡುತ್ತಲೇ ಇದ್ದರು.